ಬಳ್ಳಿ ರಕ್ತದ ಬ್ಯಾಗ್: ಆರು ವರ್ಷ ಬಳಸಿದ ಮೇಲೆ

ಹೆರಿಗೆ ವಾರ್ಡಿನ ನರ್ಸ್ ನಾನು. ಹೊಕ್ಕುಳ ಬಳ್ಳಿಯ ರಕ್ತ ಹಿಡಿಯಲು ಸಿಪಿಡಿ ದ್ರಾವಣ (ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಸಿಟ್ರೇಟ್ ಇರುವ ದ್ರಾವಣ) ಮೊದಲೇ ತುಂಬಿರುವ ಬ್ಯಾಗನ್ನು ಆರು ವರ್ಷದಿಂದ ಬಳಸುತ್ತಿದ್ದೇನೆ. ಒಳಗೆ 25 ಮಿಲಿ ದ್ರಾವಣ, ಜೊತೆಗೆ ಟ್ಯೂಬು, ದಪ್ಪ ಸೂಜಿ. ಎಲ್ಲಾ ಒಂದೇ ಸೆಟ್, ಹೊರಗಿನ ಗಾಳಿ ತಾಗುವುದಿಲ್ಲ. ಸಿರಿಂಜಿನಲ್ಲಿ ಎಳೆದು ಬಾಟಲಿಗೆ ಹಾಕುವ ಗೋಳಿಲ್ಲ. ಅದೇ ಇದರ ದೊಡ್ಡ ಗುಣ.

ಆದರೆ ದ್ರಾವಣ ಇದೆ ಅಂತ ಕೈಕಟ್ಟಿ ಕೂರುವ ಹಾಗಿಲ್ಲ. ಶುರುವಿನಲ್ಲಿ ಒಮ್ಮೆ ಬ್ಯಾಗನ್ನು ಕೆಳಗಿನ ಟ್ರೇನಲ್ಲಿ ಸುಮ್ನೆ ಬಿಟ್ಟು ಮಗುವಿನ ಕಡೆ ತಿರುಗಿದೆ. ಆಮೇಲೆ ಎತ್ತಿ ನೋಡಿದರೆ ಮೂಲೆಯಲ್ಲಿ ಕಪ್ಪಗೆ, ಬೆರಳಿಗೆ ಸಿಗುವಂಥ ಗಂಟು. ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡರೆ ತಾನೇ ಹೆಪ್ಪು ನಿಲ್ಲುವುದು? ಬೆರೆಯದಿದ್ದರೆ ಅದಾದರೂ ಏನು ಮಾಡುತ್ತೆ! ಈಗ ಮೊದಲ ಹನಿ ಬಿದ್ದಾಗಿನಿಂದ ತೊಟ್ಟಿಲು ತೂಗುವ ಹಾಗೆ ಮೆಲ್ಲಗೆ ಆಡಿಸುತ್ತೇನೆ. ಜೋರಾಗಿ ಕುಲುಕಿದರೆ ಕಣಗಳು ಒಡೆಯುತ್ತವೆ.

ಟ್ಯೂಬಿನಲ್ಲಿ ಉಳಿದ ರಕ್ತವನ್ನು ಮರೆಯುವವರೇ ಜಾಸ್ತಿ. ಅದಕ್ಕೆ ದ್ರಾವಣ ತಾಗಿಯೇ ಇರುವುದಿಲ್ಲ, ಬೇಗ ಗಟ್ಟಿಯಾಗುತ್ತೆ. ಅದನ್ನು ಒತ್ತಿ ಬ್ಯಾಗಿಗೆ ಇಳಿಸಿ, ಇನ್ನೊಮ್ಮೆ ಆಡಿಸಿ, ಆಮೇಲೆ ಸೀಲ್.

ಬಳ್ಳಿಗೆ ಕ್ಲಾಂಪ್ ಹಾಕಿ, ಕತ್ತರಿಸಿ, ಮಗುವನ್ನು ಬೇರೆ ಮಾಡುವ ತನಕ ನಾನು ಸೂಜಿ ಮುಟ್ಟುವುದಿಲ್ಲ. ದ್ರಾವಣ ಮಗುವಿನ ಮೈಗೆ ಹೋಗಬಾರದು, ಅಲ್ವಾ? ಚುಚ್ಚುವ ಜಾಗವನ್ನು ಚೆನ್ನಾಗಿ ಒರೆಸಿ, ಒಣಗಲು ಬಿಡಬೇಕು. ಬ್ಯಾಗ್ ಯಾವಾಗಲೂ ಬಳ್ಳಿಗಿಂತ ಕೆಳಗೇ ಇರಬೇಕು. ಮೇಲೆತ್ತಿದರೆ ದ್ರಾವಣ ವಾಪಸ್ ಹರಿಯುತ್ತೆ. ಮಗು ಹುಟ್ಟಿದ ಮೇಲೆ ಕನಿಷ್ಠ 1 ನಿಮಿಷ ಕಾದು ಕ್ಲಾಂಪ್ ಹಾಕಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾದರೆ ಬ್ಯಾಗಿಗೆ ಸಿಗುವುದು ಕಡಿಮೆ, ನಿಜ. ಆ ರಕ್ತ ಮಗುವಿಗೆ ಹೋಯಿತು ಅಂತ ನನಗೇನೂ ಬೇಸರವಿಲ್ಲ.

ತೂಕ ನೋಡುವಾಗ ಖಾಲಿ ಬ್ಯಾಗಿನ ಜೊತೆ ಆ 25 ಮಿಲಿಯನ್ನೂ ಕಳೆಯಿರಿ. ಇಲ್ಲದಿದ್ದರೆ 60 ಮಿಲಿ ರಕ್ತ 85ರ ಹಾಗೆ ಕಂಡು ಸುಳ್ಳು ಖುಷಿ.

ದೂರು ಒಂದೇ. ಟ್ಯೂಬಿನ ಚಿಕ್ಕ ಕ್ಲಿಪ್ ತುಂಬಾ ಬಿಗಿ. ಗ್ಲೌಸ್ ಒದ್ದೆಯಾಗಿದ್ದರೆ ಜಾರುತ್ತೆ. ಬಳ್ಳಿ ಒಂದು ಕೈಯಲ್ಲಿ, ಸೂಜಿ ಇನ್ನೊಂದರಲ್ಲಿ ಇರುವಾಗ ಅದನ್ನು ಬಿಡಿಸಲು ಮೂರನೇ ಕೈ ಬೇಕು. ನಾನಂತೂ ಈಗ ಪಕ್ಕದವರನ್ನು ಮೊದಲೇ ಕರೆದು ನಿಲ್ಲಿಸಿಕೊಳ್ಳುತ್ತೇನೆ.