9900 ಎಂದು ಅಚ್ಚಾದ ಟಾರ್ಚ್ ಸೆಲ್ ಮನೆಗೆ ತರಬೇಡಿ

ಚಾರ್ಜ್ ಮಾಡುವ ಟಾರ್ಚಿಗೆ ಬಿಡಿ ಲಿಥಿಯಂ ಸೆಲ್ ಕೊಳ್ಳುವವರು ದಯವಿಟ್ಟು ಇದನ್ನು ಓದಿ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಸೆಲ್‌ಗಳ ವಿಷಯ ಇದು. 9900 ಎಂಬುದು ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂದು ಹೇಳುವ ಎಂಎಎಚ್ ಲೆಕ್ಕ. ಹಳೆಯ ಲ್ಯಾಪ್‌ಟಾಪು, ಪವರ್ ಬ್ಯಾಂಕು, ತಲೆಗೆ ಕಟ್ಟುವ ಟಾರ್ಚುಗಳಲ್ಲಿ ಇರುವುದು ಹೆಚ್ಚಾಗಿ ಇವೇ.

ಶಿರಸಿ ಕಡೆಯ ನಮ್ಮ ಚಿಕ್ಕಪ್ಪನಿಗೆ ರಾತ್ರಿ ಗದ್ದೆಗೆ ಹಂದಿ ಕಾಯಲು ಹೋಗುವಾಗ ತಲೆಯ ಟಾರ್ಚು ಬೇಕೇ ಬೇಕು. ಹಳೆಯ ಸೆಲ್ ಬೇಗ ಇಳಿಯುತ್ತಿತ್ತು. ಪೇಟೆಯ ಅಂಗಡಿಯವರು "ಇದು 9900, ಮೂರು ಪಟ್ಟು ಹೊತ್ತು ಉರಿಯುತ್ತದೆ" ಎಂದು ಒಂದು ಜೋಡಿ ಕೊಟ್ಟರು. ಅದರಲ್ಲೊಂದನ್ನು ಜಗಲಿಯಲ್ಲಿ ಚಾರ್ಜಿಗೆ ಹಾಕಿ ಎಲ್ಲರೂ ಮಲಗಿದ್ದರು. ಬೆಳಗಿನ ಜಾವ ಕುಕ್ಕರಿನ ಹಬೆ ಬಿಟ್ಟಂತೆ ಸುಯ್ ಎಂಬ ಸದ್ದು. ಎದ್ದು ಬರುವಷ್ಟರಲ್ಲಿ ಜಗಲಿಯ ತುಂಬ ಗಂಟಲು ಕಟ್ಟುವ ಬಿಳಿ ಹೊಗೆ. ಸೆಲ್ಲಿನ ತಲೆಯಿಂದ ಚಿಮ್ಮಿದ ಬೆಂಕಿ ಪಕ್ಕದ ಗೋಣಿಚೀಲಕ್ಕೆ ಹತ್ತಿತ್ತು. ಚಿಕ್ಕಮ್ಮ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಕೊಡಗಟ್ಟಲೆ ನೀರು ಸುರಿದರು. ಒಣ ಅಡಿಕೆ ತುಂಬಿದ ಚೀಲಗಳು ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದವು. ಅದನ್ನು ನೆನೆದರೆ ಈಗಲೂ ನನಗೆ ಎದೆ ನಡುಗುತ್ತದೆ.

ಜೋಡಿಯ ಇನ್ನೊಂದು ಸೆಲ್ಲನ್ನು ಬೆಳಕಿಗೆ ಹಿಡಿದು ನೋಡಿದೆ. ನೀಲಿ ಹೊದಿಕೆ ಹೊಚ್ಚ ಹೊಸದು. ಆದರೆ ತಳದ ತಗಡಿನ ಮೇಲೆ ಬೆಸುಗೆಯ ಸಣ್ಣ ಸಣ್ಣ ಚುಕ್ಕೆಗಳು, ಕಿತ್ತು ತೆಗೆದ ಲೋಹದ ಪಟ್ಟಿಯ ಒಂದು ಚೂರು. ಯಾವುದೋ ಹಳೆಯ ಬ್ಯಾಟರಿ ಪ್ಯಾಕಿನಿಂದ ಬಿಚ್ಚಿದ ಮಾಲಿಗೆ ಹೊಸ ಅಂಗಿ ತೊಡಿಸಿ ಮಾರಿದ್ದರು.

9900 ಎಂಬುದೇ ಶುದ್ಧ ಸುಳ್ಳು. ಈ ಗಾತ್ರದಲ್ಲಿ ಹೆಸರಾಂತ ಕಂಪನಿಗಳ ಒಳ್ಳೆಯ ಸೆಲ್‌ಗಳೇ 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತವೆ. ಐದಾರು ಸಾವಿರ ಎಂದು ಬರೆದಿದ್ದರೂ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ತೂಕವೂ ಗುಟ್ಟು ಬಿಟ್ಟುಕೊಡುತ್ತದೆ: ಅಸಲಿ ಸೆಲ್ ಸುಮಾರು 45ರಿಂದ 50 ಗ್ರಾಂ ತೂಗುತ್ತದೆ. ಕೈಗೆ ಹಗುರ ಎನಿಸಿದರೆ ಒಳಗೆ ಇರಬೇಕಾದದ್ದು ಇಲ್ಲ ಎಂದೇ ಅರ್ಥ. ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ನಂಬಬೇಡಿ, ನಮ್ಮದರಂತೆ ಹಳೆಯ ಮಾಲಿನ ತೂಕವೂ ಸರಿಯಾಗಿಯೇ ಇರುತ್ತದೆ. ತಳ ನೋಡಿ, ಮಾದರಿ ಸಂಖ್ಯೆ ಓದಿ.

ಚಾರ್ಜರೂ ಅಷ್ಟೇ ಮುಖ್ಯ. ಸೆಲ್ಲನ್ನು 4.2 ವೋಲ್ಟಿಗಿಂತ ಮೇಲೆ ಏರಿಸದೆ, ತುಂಬಿದೊಡನೆ ಅದು ತಾನಾಗಿ ನಿಲ್ಲಬೇಕು. ಟಾರ್ಚಿನ ಜೊತೆ ಪುಕ್ಕಟೆ ಬರುವ ಎಷ್ಟೋ ಚಾರ್ಜರುಗಳ ಮೇಲೆ ಈ ಭರವಸೆ ಇಡಲಾಗದು. ಮಲಗುವ ಹೊತ್ತಿಗೆ ಚಾರ್ಜಿಗೆ ಹಾಕುವ ರೂಢಿಯನ್ನಂತೂ ಬಿಟ್ಟೇಬಿಡಿ.

ಹೊದಿಕೆ ಹರಿದ ಸೆಲ್ ಬಳಸಲೇಬೇಡಿ. ಮೇಲಿನ ಧನ ತುದಿಯ ಗುಂಡಿಯೊಂದನ್ನು ಬಿಟ್ಟರೆ ಉಳಿದ ಇಡೀ ಲೋಹದ ಮೈ ಋಣ ತುದಿಯೇ. ನಡುವೆ ಇರುವುದು ಆ ತೆಳು ಹಾಳೆ ಮತ್ತು ಒಂದು ಸಣ್ಣ ಬಳೆ ಮಾತ್ರ. ಕಿಸೆಯಲ್ಲಿ ಬೀಗದ ಕೈ, ಚಿಲ್ಲರೆಯ ಜೊತೆ ಬಿಡಿ ಸೆಲ್ ಇಟ್ಟರೆ ಶಾರ್ಟ್ ಆಗಿ ತೊಡೆ ಸುಡಬಹುದು. ಟಾರ್ಚು, ಇ-ಸಿಗರೇಟುಗಳಲ್ಲಿ ಇಂಥ ಬಿಡಿ ಸೆಲ್ ಬಳಸುವವರಿಗೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2021ರ ಜನವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ. ಇ-ಸಿಗರೇಟು ಮಾರಾಟ ನಮ್ಮಲ್ಲಿ 2019ರಿಂದ ನಿಷಿದ್ಧ. ಹೊರದೇಶದಲ್ಲಿರುವ ನಿಮ್ಮವರು ಯಾರಾದರೂ ಸೇದುತ್ತಿದ್ದರೆ ತಿಳಿಸಿ: ಅದು ಟಾರ್ಚಿಗಿಂತ ಎಷ್ಟೋ ಹೆಚ್ಚು ಕರೆಂಟು ಎಳೆಯಬಲ್ಲದು, ಆದ್ದರಿಂದ ಸೆಲ್ ಎಷ್ಟು ಆಂಪಿಯರ್ ತಾಳುತ್ತದೆ ಎಂಬುದನ್ನೇ ಮೊದಲು ನೋಡಬೇಕು.

ನನ್ನ ಸಲಹೆ ಕೇಳಿದರೆ, ಸೆಲ್ ಒಳಗೇ ಕೂಡಿಸಿದ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿರುವ ಟಾರ್ಚು ಕೊಳ್ಳಿ. ನೂರಿನ್ನೂರು ರೂಪಾಯಿ ಹೆಚ್ಚಾದರೂ ಆಗಲಿ.

ಚಿಕ್ಕಪ್ಪ ಅಂಗಡಿಗೆ ಹೋಗಿ ಕೇಳಿದಾಗ "ಇದು ನಮ್ಮ ಮಾಲೇ ಅಲ್ಲ" ಎಂದುಬಿಟ್ಟರು. ರಸೀದಿ ಇರಲಿಲ್ಲ. ನೀವು ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಸೆಲ್ಲಿನ ಮಾದರಿ ಬರೆಸಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.