ಬೀಟೆಯೋ, ಹಲಸೋ, ತೇಗವೋ: ಮೂರು ಗಿಟಾರು ಮಾಡಿ ನೋಡಿದ ಮೇಲೆ

ಮೂರಕ್ಕೂ ಟಾಪ್, ಅಂದರೆ ತಂತಿಯ ಕೆಳಗಿನ ಮುಂಭಾಗದ ಹಲಗೆ, ಒಂದೇ ಜಾತಿಯ ಮರದ್ದು, ಸಿಟ್ಕಾ ಸ್ಪ್ರೂಸ್. ಅಳತೆ, ತಂತಿ ಎಲ್ಲ ಒಂದೇ. ಬೆನ್ನು ಮತ್ತು ಪಕ್ಕದ ಹಲಗೆ ಮಾತ್ರ ಬೇರೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ಹಲಸು ಕೇಳಿದಾಗ ಅಂಗಡಿಯವರು, "ಗಿಟಾರಿಗಾ? ಬಾಗಿಲು ಮಾಡಿಸಿ ಸಾರ್" ಎಂದು ನಕ್ಕರು. ವೀಣೆಯ ಕೊಡ ಹಲಸಿನದೇ ಅಲ್ವಾ ಅಂದೆ. ಸುಮ್ಮನೆ ಹಲಗೆ ತೆಗೆದುಕೊಟ್ಟರು.

ಮೊದಲು ಸೋತದ್ದು ತೇಗ. ಅದರೊಳಗಿನ ಸಿಲಿಕಾಗೆ ಹತ್ತರಿಯ ಅಲಗು ಬೇಗ ಮೊಂಡಾಗುತ್ತದೆ. ಎಣ್ಣೆಯಂಶ ಇರುವುದರಿಂದ ಅಂಟಿಸುವ ಮುನ್ನ ಅಸಿಟೋನಿನಲ್ಲಿ ಒರೆಸಬೇಕು. ಅಷ್ಟನ್ನೂ ಮಾಡದ ನನ್ನ ಸೋಮಾರಿತನಕ್ಕೆ, ಮಾರ್ಚಿಯ ಒಣ ಹವೆಗೆ ಬೆನ್ನಿನ ನಡು ಜೋಡಣೆ ಬಿಟ್ಟುಕೊಂಡಿತು. ತೇಗಕ್ಕೆ ಬಾಗಿಲೇ ಸರಿ.

ಬೀಟೆಯ ಗತ್ತೇ ಬೇರೆ. ಎರಡೂಕಾಲು ಮಿಲಿಮೀಟರಿಗೆ ಇಳಿಸಿ ಗೆಣ್ಣಿನಿಂದ ತಟ್ಟಿದರೆ ಕಂಚಿನ ತಟ್ಟೆ ಬಡಿದ ಹಾಗೆ ಎಳೆದು ನುಡಿಯುತ್ತದೆ. ಬಿಸಿ ಕೊಳವೆಯ ಮೇಲೆ ತಗಾದೆ ಮಾಡದೆ ಬಾಗಿತು. ಆದರೆ ನೇರಳೆ ಬಣ್ಣದ ಪುಡಿಗೆ ನನ್ನ ಮೂಗು ಎರಡು ದಿನ ಸೋರಿತು, ಗಿಟಾರೂ ಭಾರ. ಬೆಲೆಯಂತೂ ಕೇಳಲೇಬೇಡಿ. 2017ರಿಂದ ಈ ಕುಲದ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಹಲಗೆಗಲ್ಲ. ಊರೊಳಗೆ ಕೊಂಡರೂ ನಾನು ಬಿಲ್ಲು ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಹಲಸು ಹಟಮಾರಿ. ಎಳೆ ಒಂದೊಂದು ಪದರಕ್ಕೆ ಒಂದೊಂದು ಕಡೆ ತಿರುಗಿರುತ್ತದೆ, ಹತ್ತರಿ ಹಾಕಿದರೆ ಚಕ್ಕೆ ಏಳುತ್ತದೆ. ಮೊದಲ ಪಕ್ಕ ಗಿಟಾರಿನ ಸೊಂಟದ ತಿರುವಿನಲ್ಲಿ ಚಟ್ಟನೆ ಸೀಳಿತು. ಎರಡನೆಯದನ್ನು ಎಳೆ ನೇರವಾಗಿದ್ದ ಹಲಗೆಯಿಂದ ಕುಯ್ದು, ಒದ್ದೆ ಬಟ್ಟೆ ಹಿಡಿದು, ಅರ್ಧ ಗಂಟೆ ತಾಳ್ಮೆಯಿಂದ ಬಗ್ಗಿಸಿದೆ. ದನಿ ಬೀಟೆಯಷ್ಟು ಎಳೆಯುವುದಿಲ್ಲ, ಬೇಗ ನಿಲ್ಲುತ್ತದೆ. ಭಾವಗೀತೆಗೆ ಹಿಮ್ಮೇಳ ನುಡಿಸುವವರಿಗೆ ಅದೇ ಬೇಕು, ಹಾಡುವವರ ಮಾತು ಮುಚ್ಚಿಹೋಗುವುದಿಲ್ಲ. ಅರಿಸಿನದಂತಿದ್ದ ಮೈ ವರ್ಷದೊಳಗೆ ಜೇನಿನ ಬಣ್ಣಕ್ಕೆ ತಿರುಗಿದೆ.

ಗೆಳೆಯನ ಕಣ್ಣಿಗೆ ಟವಲು ಕಟ್ಟಿ, ಬೀಟೆಯದನ್ನೂ ಹಲಸಿನದನ್ನೂ ಅದಲು ಬದಲು ಮಾಡಿ ಐದು ಸಲ ನುಡಿಸಿದೆ. ಮೂರು ಸಲ ತಪ್ಪು ಹೇಳಿದ. ಸ್ಪೇನಿನ ಗಿಟಾರು ತಯಾರಕ ಆಂಟೋನಿಯೋ ಡಿ ಟೋರೆಸ್ 1862ರಲ್ಲೇ ಬೆನ್ನು, ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ದನಿಯ ಬಹುಪಾಲು ಟಾಪಿನದು ಎಂದು ತೋರಿಸಿದ್ದ. ಅದು ಗೊತ್ತಿದ್ದೂ ನಾನು ಬೀಟೆಗೆ ಅಷ್ಟು ದುಡ್ಡು ಸುರಿದಿದ್ದೆ.

ಮುಂದಿನದು ಹಲಸೇ. ಬೀಟೆಯ ಉಳಿದ ಚೂರು ಬೆರಳೊತ್ತುವ ಫ್ರೆಟ್‌ಬೋರ್ಡಿಗೆ, ಅಲ್ಲಿ ಈ ಮೂರರಲ್ಲಿ ಅದರ ಗಟ್ಟಿತನಕ್ಕೆ ಸಾಟಿಯಿಲ್ಲ. ಹಲಸಿನ ಹಲಗೆ ಅಟ್ಟದ ಮೇಲಿದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. ಮೊನ್ನೆ ಇನ್ನೂ ಹನ್ನೆರಡು ಗ್ರಾಂ ಇಳಿದಿತ್ತು, ಅಂದರೆ ಒಣಗಿಲ್ಲ.