ಕಸೂತಿ ಮಷಿನ್‌ಗೆ ಸಿಡಿಲಿನ ಕಾವಲು: ಸ್ಪೈಕ್ ಗಾರ್ಡ್, ಸ್ಟೆಬಿಲೈಜರ್, ಯುಪಿಎಸ್, ಎಸ್‌ಪಿಡಿ ಹಾಕಿ ನೋಡಿದ ಮೇಲೆ

ಗದಗ-ಬೆಟಗೇರಿ ಕಡೆ ಏಪ್ರಿಲ್ ನಡುವೆ ಅಶ್ವಿನಿ ಮಳೆ ಕೂಡಿತೆಂದರೆ ರೋಹಿಣಿ ಮುಗಿಯುವವರೆಗೂ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು ಇದ್ದದ್ದೇ. ಮದುವೆ ಸೀಜನ್ ಕೂಡ ಅದೇ ಹೊತ್ತಿಗೆ. ಕಾಲಿನಿಂದ ತುಳಿಯುವ ಮಷಿನ್‌ಗೆ ಇದರ ಚಿಂತೆ ಇರಲಿಲ್ಲ. ಪರದೆ, ಮದರ್‌ಬೋರ್ಡ್, ಸ್ಟೆಪ್ಪರ್ ಮೋಟಾರ್ ಇರುವ ಕಂಪ್ಯೂಟರ್ ಮಷಿನ್‌ಗೆ ಇದೆ. ಬೋರ್ಡ್ ಸುಟ್ಟರೆ ಅದರ ಖರ್ಚಿನಲ್ಲಿ ಒಂದು ಸಾದಾ ಮಷಿನ್ ಬಂದುಬಿಡುತ್ತದೆ. ಹೊಸ ಬೋರ್ಡ್ ಬರುವವರೆಗೆ ಒಪ್ಪಿಕೊಂಡ ಕುಪ್ಪಸಗಳೆಲ್ಲ ಕಟ್ಟಿಟ್ಟಲ್ಲೇ ಉಳಿಯುತ್ತವೆ. ಹೀಗಾಗಿ ಪೇಟೆಯಲ್ಲಿ ಸಿಗುವ ಒಂದೊಂದನ್ನೂ ನನ್ನ ಅಂಗಡಿಯಲ್ಲಿ ಹಾಕಿಸಿ ನೋಡಿದ್ದೇನೆ.

ಮಷಿನ್ ಸುಡುವುದಕ್ಕೆ ಸಿಡಿಲೊಂದೇ ಕಾರಣವಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಡಿಲು ನಮ್ಮ ಕಟ್ಟಡಕ್ಕೇ ಬೀಳಬೇಕೆಂದಿಲ್ಲ. ದೂರದ ಲೈನಿನ ಹತ್ತಿರ ಬಿದ್ದರೂ ತಂತಿಯಲ್ಲಿ ಸಾವಿರಾರು ವೋಲ್ಟ್ ನುಗ್ಗಿ ಬರುತ್ತದೆ, ಮೈಕ್ರೋಸೆಕೆಂಡುಗಳಲ್ಲಿ ಮುಗಿದೂ ಹೋಗುತ್ತದೆ. ಗಾಳಿಗೆ ಕಂಬದ ನ್ಯೂಟ್ರಲ್ ತಂತಿ ಹರಿದರೆ ಕಥೆ ಬೇರೆ: 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ಬರಬಹುದು, ಅದು ನಿಮಿಷಗಟ್ಟಲೆ ನಿಲ್ಲಬಹುದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಮದ್ದಲ್ಲ.

ಸ್ಪೈಕ್ ಗಾರ್ಡ್ ಎಲ್ಲರೂ ಮೊದಲು ತರುವ ವಸ್ತು. ಒಂದು ಅಗ್ಗದ್ದು, ಒಂದು ಸಾವಿರ ರೂಪಾಯಿ ಆಸುಪಾಸಿನದು, ಎರಡನ್ನೂ ಬಿಚ್ಚಿಸಿ ನೋಡಿದೆ. ಅಗ್ಗದ್ದರಲ್ಲಿ ಫ್ಯೂಸ್, ಸ್ವಿಚ್, ಒಂದು ಕೆಂಪು ದೀಪ, ಅಷ್ಟೇ. ಹೆಸರಿಗೆ ಗಾರ್ಡ್, ಒಳಗೆ ಬರೀ ಎಕ್ಸ್‌ಟೆನ್ಶನ್ ಬೋರ್ಡ್. ಇನ್ನೊಂದರಲ್ಲಿ ರೂಪಾಯಿ ನಾಣ್ಯಕ್ಕಿಂತ ಸಣ್ಣ ನೀಲಿ ಬಿಲ್ಲೆಗಳಿದ್ದವು. ಅವೇ ಎಂಒವಿ, ಅಂದರೆ ಮೆಟಲ್ ಆಕ್ಸೈಡ್ ವ್ಯಾರಿಸ್ಟರ್. ವೋಲ್ಟೇಜ್ ಮಿತಿ ಮೀರಿದ ಕೂಡಲೇ ಹೆಚ್ಚಿನದ್ದನ್ನು ತಮ್ಮ ಮೈಮೇಲೆ ಎಳೆದುಕೊಳ್ಳುತ್ತವೆ. ಒಂದು ಬಿಲ್ಲೆಯ ಅಂಚು ಆಗಲೇ ಕಪ್ಪಾಗಿತ್ತು, ಆದರೂ ಬೋರ್ಡಿನ ದೀಪ ಮಾತ್ರ ಚೆನ್ನಾಗಿಯೇ ಉರಿಯುತ್ತಿತ್ತು. ಪ್ರತಿ ಹೊಡೆತಕ್ಕೂ ಈ ಬಿಲ್ಲೆ ಸವೆಯುತ್ತದೆ, ಸವೆದದ್ದು ಹೊರಗೆ ಕಾಣುವುದಿಲ್ಲ. ಕೊಳ್ಳುವಾಗ ಪ್ಯಾಕಿನ ಮೇಲೆ ಜೌಲ್ ಲೆಕ್ಕ, ಅಂದರೆ ಎಷ್ಟು ಹೊಡೆತ ತಾಳಬಲ್ಲದು ಎಂಬ ಅಳತೆ, ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಅಲ್ಲೇ ಬಿಟ್ಟು ಬನ್ನಿ.

ಸ್ಟೆಬಿಲೈಜರ್ ಹೊಲಿಗೆಯವರಿಗೆ ಅಷ್ಟಾಗಿ ಬೇಡ ಎಂಬುದು ನನ್ನ ಅಭಿಪ್ರಾಯ. ಸಂಜೆ ವೋಲ್ಟೇಜ್ ಇಳಿದಾಗ ಟಕ್ ಟಕ್ ಎಂದು ಸರಿಮಾಡುತ್ತದೆ, ನಿಜ. ಆದರೆ ಅದರ ರಿಲೇ ಅಲುಗುವುದಕ್ಕೇ ಮಿಲಿಸೆಕೆಂಡುಗಳು ಬೇಕು, ಅಷ್ಟರಲ್ಲಿ ಸಿಡಿಲಿನ ಹೊಡೆತ ಮಷಿನ್ ಮುಟ್ಟಿರುತ್ತದೆ. ಮನೆಯ ಇನ್ವರ್ಟರ್ ಕೂಡ ಅಷ್ಟೇ: ಕರೆಂಟ್ ಇರುವಾಗ ಲೈನಿನ ಕರೆಂಟನ್ನೇ ನೇರವಾಗಿ ದಾಟಿಸುತ್ತದೆ. ಇನ್ವರ್ಟರ್ ಇದೆ, ನನಗೆ ಭಯವಿಲ್ಲ ಎನ್ನುವವರನ್ನು ಕಂಡರೆ ನಿಜವಾಗಿ ಸಂಕಟವಾಗುತ್ತದೆ.

ಯುಪಿಎಸ್ ಬಗ್ಗೆ ಹೀಗೆ ಹೇಳಲಾರೆ. ಇಳಕಲ್ ಸೀರೆಯ ಸೆರಗಿಗೆ ತೇರು, ಗೋಪುರದ ಸಾಲು ಅರ್ಧ ಬಿದ್ದಿರುವಾಗ ಕರೆಂಟ್ ಹೋದರೆ, ಮತ್ತೆ ಶುರುಮಾಡಿದಾಗ ಹೊಲಿಗೆ ಕೂದಲೆಳೆಯಷ್ಟು ಸರಿದರೂ ಕಣ್ಣಿಗೆ ಹೊಡೆಯುತ್ತದೆ. ಲೈನ್ ಇಂಟರಾಕ್ಟಿವ್ ಯುಪಿಎಸ್ (ವೋಲ್ಟೇಜ್ ಏರಿಳಿತ ಸರಿಮಾಡಿ, ಕರೆಂಟ್ ಹೋದರೆ ಬ್ಯಾಟರಿಯಿಂದ ನಡೆಸುವಂಥದ್ದು) ಹಾಕಿದ ಮೇಲೆ ಆ ಕಾಟ ತಪ್ಪಿದೆ. ನನ್ನ ಮಷಿನ್‌ಗೆ 600 ವಿಎ ಸಾಕಾಗಿದೆ. ಇಸ್ತ್ರಿ ಪೆಟ್ಟಿಗೆಯನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡಿ, ಅದೊಂದೇ 1000 ವ್ಯಾಟ್ ಎಳೆಯುತ್ತದೆ. ಸಿಡಿಲಿನ ವಿಷಯದಲ್ಲಿ ಯುಪಿಎಸ್ ಒಳಗಿರುವುದೂ ಅದೇ ಸಣ್ಣ ಬಿಲ್ಲೆ. ಕೆಲಸ ಕೆಡದಿರಲಿ ಎಂದು ಯುಪಿಎಸ್ ತನ್ನಿ, ಸಿಡಿಲಿಗೆಂದು ತರಬೇಡಿ.

ನನಗೆ ಹೆಚ್ಚು ಭರವಸೆ ಬಂದದ್ದು ಮೀಟರ್ ಪಕ್ಕದ ಡಿಬಿಯಲ್ಲಿ (ಕರೆಂಟ್ ಹಂಚುವ ಪೆಟ್ಟಿಗೆ) ಕೂರಿಸುವ ಟೈಪ್ 2 ಎಸ್‌ಪಿಡಿ, ಅಂದರೆ ಸರ್ಜ್ ಪ್ರೊಟೆಕ್ಟಿವ್ ಡಿವೈಸ್ ಮೇಲೆ. ಸರ್ಜ್, ಅಂದರೆ ತಂತಿಯಲ್ಲಿ ಒಮ್ಮೆಲೇ ನುಗ್ಗುವ ಹೆಚ್ಚಿನ ವೋಲ್ಟೇಜ್, ಬಂದಾಗ ಅದನ್ನು ಅಂಗಡಿಯ ಒಳಗೆ ಹರಿಯಗೊಡದೆ ಬಾಗಿಲಲ್ಲೇ ಭೂಮಿಗೆ ಇಳಿಸುವುದು ಇದರ ಕೆಲಸ. ಆದರೆ ಇಳಿಯಲು ಭೂಮಿಯ ದಾರಿ ಸರಿ ಇರಬೇಕಲ್ಲ. ಹಾಕಲು ಬಂದ ಎಲೆಕ್ಟ್ರಿಷಿಯನ್ ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಗುಂಡು ಬಲ್ಬ್ ಹಿಡಿದ. ಒಳಗಿನ ತಂತಿ ಮಬ್ಬಾಗಿ ಕೆಂಪೇರಿತೇ ಹೊರತು ಬೆಳಕಾಗಲಿಲ್ಲ. (ಈ ಪರೀಕ್ಷೆಯನ್ನು ನೀವು ಮಾಡಬೇಡಿ, ತಿಳಿದವರ ಕೈಯಲ್ಲೇ ಆಗಲಿ.)

"ಅಕ್ಕಾರ, ಅರ್ಥಿಂಗ್ ಸತ್ತೈತ್ರಿ. ಇದನ್ನ ಹಚ್ಚಿದ್ರ ಸಿಡ್ಲು ಇಳದು ಎಲ್ಲಿಗೆ ಹೋಗ್ಬೇಕ್ರಿ?" ಅಂದ.

ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ, ಅರ್ಥಿಂಗ್ ಸೋಲುತ್ತದೆ. ಮೊದಲ ಸಿಡಿಲುಗಳು ಬರುವುದೂ ಆ ಬೇಸಿಗೆಯ ಕೊನೆಗೇ. ಹೊಸ ಪೈಪ್ ಹೂಳಿ, ಇದ್ದಿಲು, ಉಪ್ಪು ಹಾಕಿ, ನೀರು ಹೊಯ್ದ ಮೇಲೆ ಅದೇ ಬಲ್ಬ್ ಝಗ್ ಎಂದಿತು. ಎಸ್‌ಪಿಡಿಯಿಂದ ಅರ್ಥಿಗೆ ಹೋಗುವ ತಂತಿಯನ್ನು ಅವನು ಗಿಡ್ಡದಾಗಿ, ಎಲ್ಲೂ ಸುರುಳಿಯಾಗದಂತೆ ಎಳೆದ. ಲೈನಿನಿಂದ ಎಸ್‌ಪಿಡಿಗೆ, ಅಲ್ಲಿಂದ ಡಿಬಿಯ ಅರ್ಥ್ ಪಟ್ಟಿಗೆ, ಎರಡೂ ಕೂಡಿ ತಂತಿ ಅರ್ಧ ಮೀಟರ್ ದಾಟಬಾರದಂತೆ. ಮಾರ್ಚ್ ಬಂದರೆ ಈಗ ಅರ್ಥಿಂಗ್ ಪೈಪಿನ ಗುಂಡಿಗೆ ತಪ್ಪದೆ ಕೊಡದಿಂದ ನೀರು ಹಾಕುತ್ತೇವೆ. ಒಂದು ಗುಡುಗಿನ ಸಂಜೆಯ ನಂತರ ಎಸ್‌ಪಿಡಿಯ ಸಣ್ಣ ಹಸಿರು ಕಿಟಕಿ ಕೆಂಪಾಗಿತ್ತು, ಮಷಿನ್ ಮಾತ್ರ ನೆಟ್ಟಗೆ ನಡೆಯಿತು. ಕೆಂಪಾದ ಕಾರ್ಟ್ರಿಡ್ಜ್ ಬದಲಿಸಿದರಾಯಿತು. ಕೆಟ್ಟದ್ದು ಕಣ್ಣಿಗೆ ಕಾಣುವುದೇ ಸ್ಪೈಕ್ ಗಾರ್ಡಿಗಿಂತ ಇದರ ದೊಡ್ಡ ಗುಣ.

ನ್ಯೂಟ್ರಲ್ ಹರಿದಾಗ ಎಸ್‌ಪಿಡಿ ಕಾಯುವುದಿಲ್ಲ. ಅದಕ್ಕೆ ಪಕ್ಕದಲ್ಲೇ ಓವರ್ ವೋಲ್ಟೇಜ್ ಕಟ್ಆಫ್ ಬೇಕು. ನಮ್ಮದನ್ನು 270 ವೋಲ್ಟಿಗೆ ಹೊಂದಿಸಿದ್ದೇವೆ. ದಾಟಿದರೆ ಸಪ್ಲೈ ಕಡಿಯುತ್ತದೆ, ವೋಲ್ಟೇಜ್ ಸರಿಹೋಗಿ ಸ್ವಲ್ಪ ಹೊತ್ತಾದ ಮೇಲೆ ತಾನೇ ಬಿಡುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಅರ್ಥಿಂಗ್, ಆಮೇಲೆ ಎಸ್‌ಪಿಡಿ ಮತ್ತು ಈ ಕಟ್ಆಫ್ ಮಾಡಿಸಿ, ಯುಪಿಎಸ್ ಮುಂದಿನ ಸೀಜನ್ನಿಗೆ ತಂದರೆ ನಡೆಯುತ್ತದೆ.

ಇಷ್ಟೆಲ್ಲ ಇದ್ದರೂ ಸಿಡಿಲು ನೇರವಾಗಿ ಬಡಿದರೆ ಯಾವುದೂ ತಡೆಯಲಾರದು. ಮೋಡ ಕಪ್ಪಿಟ್ಟ ಕೂಡಲೇ, ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತಿಡಿ. ತಲೆಯ ಮೇಲೆ ಗುಡುಗುವಾಗ ಪ್ಲಗ್ ಮುಟ್ಟಬೇಡಿ. ಸ್ವಿಚ್ ಆರಿಸಿದರೆ ಸಾಲದು: ಒಳಗಿನ ಸಂದು ಕೆಲವೇ ಮಿಲಿಮೀಟರ್, ನ್ಯೂಟ್ರಲ್ ತಂತಿಯಂತೂ ಕೂಡಿಕೊಂಡೇ ಇರುತ್ತದೆ. ಡಿಸೈನ್ ಕಳಿಸಲು ಕಂಪ್ಯೂಟರಿನಿಂದ ಎಳೆದ ಯುಎಸ್‌ಬಿ ಕೇಬಲ್ ಇದ್ದರೆ ಅದನ್ನೂ ತೆಗೆಯಿರಿ, ಇಂಟರ್‌ನೆಟ್ ಕೇಬಲ್ ಹಿಡಿದು ಬಂದ ಸರ್ಜ್ ಆ ದಾರಿಯಿಂದಲೂ ಬೋರ್ಡಿಗೆ ನುಗ್ಗಬಹುದು. ನಾನು ಈಗ ಡಿಸೈನ್‌ಗಳನ್ನೆಲ್ಲ ಪೆನ್ ಡ್ರೈವಿನಲ್ಲೇ ಒಯ್ಯುತ್ತೇನೆ.